ಗಣಕಯಂತ್ರವು ಮಂದವಾದುದೇಕೆ?

ನಿನ್ನೆ ಸಂಜೆಯವರೆಗೂ ಚುರುಕಾಗಿ ಕೆಲಸಮಾಡುತ್ತಿದ್ದ ಗಣಕಯಂತ್ರವು ರಾತ್ರಿ ಒಂದು ಅಪ್‌ಡೇಟನ್ನು ಸ್ವೀಕರಿಸಿತು. ಬೆಳಗ್ಗೆ ಅದನ್ನು ತೆರೆದ ವಿದ್ಯಾರ್ಥಿಗೆ ಬೇರೆಯೇ ಯಂತ್ರವನ್ನು ಕಂಡಂತಾಯಿತು. ಒಂದು ಕಡತವನ್ನು ತೆರೆಯಲು ಅರ್ಧ ನಿಮಿಷ. ಕೀಲಿಯನ್ನೊತ್ತಿದರೆ ಅಕ್ಷರವು ತೆರೆಯ ಮೇಲೆ ಮೂಡಲೂ ತಡ. ನಾಳೆ ಒಪ್ಪಿಸಬೇಕಾದ ಪ್ರಬಂಧವು ಅದರೊಳಗಿದೆ. ಇಂತಹ ಸಮಯದಲ್ಲಿ ಸಲಹೆಗಳಿಗೆ ಕೊರತೆಯಿಲ್ಲ. “ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಿ” ಎನ್ನುವರು ಒಬ್ಬರು. “ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿಸಿ” ಎನ್ನುವರು ಮತ್ತೊಬ್ಬರು. “ಇನ್ನು ಮುಂದೆ ಅಪ್‌ಡೇಟನ್ನೇ ನಿಲ್ಲಿಸಿಬಿಡಿ” ಎಂಬುದು ಮೂರನೆಯವರ ತೀರ್ಪು. ಮೊದಲನೆಯ ಸಲಹೆಯಿಂದ ಹಣವೂ, ಎರಡನೆಯದರಿಂದ ಪ್ರಬಂಧವೂ, ಮೂರನೆಯದರಿಂದ ಯಂತ್ರದ ರಕ್ಷಣೆಯೂ ಹೋಗಬಹುದು. ಆದರೆ ಮೂವರಲ್ಲಿ ಒಬ್ಬರೂ ಯಂತ್ರವನ್ನು ಪರೀಕ್ಷಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲರು. ಒಂದರ ಬೆನ್ನಿಗೆ ಇನ್ನೊಂದು ಘಟಿಸಿದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಹೇಳಲಾಗದು. ಕೊಂಬೆಯು ಮೊದಲೇ ಒಣಗಿದ್ದಿರಬಹುದು. ಕಾಗೆಯ ಭಾರಕ್ಕೇ ಮುರಿದಿರಲೂಬಹುದು. ಕೊಂಬೆಯನ್ನು ಕೈಗೆತ್ತಿಕೊಂಡು ನೋಡಿದ ಹೊರತು ನಿಜವು ತಿಳಿಯದು. ಮಂದವಾದ ಯಂತ್ರವನ್ನು ಹೀಗೆ ಕೈಗೆತ್ತಿಕೊಂಡು ನೋಡುವ ಬಗೆಯನ್ನು ಈಗ ವಿಚಾರಮಾಡೋಣ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಮುಗಿದುದರಿಂದ ಅನೇಕರು ವಿಂಡೋಸ್ 11ಕ್ಕೆ ಬದಲಾಗಿದ್ದಾರೆ. ಆದುದರಿಂದ ವಿಂಡೋಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ: ಪ್ರಬಂಧವೇ ಮೊದಲಾದ ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುವುದು.

ಮುಗಿಯದ ಕೆಲಸ

ಯಂತ್ರದ ಭಾಗಗಳಿಗೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು, ಯಾರಿಗೆ ಏನು ಬೇಕೋ ಅದನ್ನು ಹಂಚಿಕೊಡುವ ವ್ಯವಸ್ಥೆಯೇ ಆಪರೇಟಿಂಗ್ ಸಿಸ್ಟಂ. ಇದನ್ನು ಒಂದು ಗ್ರಂಥಾಲಯಕ್ಕೆ ಹೋಲಿಸಬಹುದು. ಡಿಸ್ಕ್ ಎಂಬುದು ಪುಸ್ತಕಗಳನ್ನು ಜೋಡಿಸಿಟ್ಟ ಕಪಾಟು. ಮೆಮೊರಿ ಎಂಬುದು ಓದುವ ಮೇಜು. ಪ್ರೊಸೆಸರ್ ಎಂಬುದು ಮೇಜಿನ ಮುಂದೆ ಕುಳಿತ ಓದುಗ.

ದೊಡ್ಡ ಅಪ್‌ಡೇಟ್ ಎಂದರೆ ಕಪಾಟುಗಳನ್ನು ಸರಿಸಿ, ಹಳೆಯ ಪುಸ್ತಕಗಳನ್ನು ತೆಗೆದು, ಹೊಸವನ್ನು ಇಟ್ಟಂತೆ. ಬಾಗಿಲು ತೆರೆದಾಕ್ಷಣ ಕೆಲಸವೆಲ್ಲವೂ ಮುಗಿದಿತೆಂದಲ್ಲ. ಯಾವ ಪುಸ್ತಕವು ಎಲ್ಲಿದೆಯೆಂಬ ಪಟ್ಟಿಯನ್ನು ಪುನಃ ಬರೆಯಬೇಕಾಗಬಹುದು. ವಿಂಡೋಸಿನಲ್ಲಿ ಹುಡುಕುವ ಸೌಲಭ್ಯಕ್ಕಾಗಿ ಇರುವ ಸೂಚಿಯು ಇಂತಹ ಪಟ್ಟಿ. ಇದಲ್ಲದೆ ವೈರಸ್‌ಗಳನ್ನು ತಡೆಯುವ ಪ್ರೋಗ್ರಾಂ ಕಡತಗಳನ್ನು ತಪಾಸಣೆ ಮಾಡುತ್ತಿರಬಹುದು; ಇತರ ಪ್ರೋಗ್ರಾಂಗಳ ಹೊಸ ಆವೃತ್ತಿಗಳು ಇಳಿಯುತ್ತಿರಬಹುದು. ಇವೆಲ್ಲವೂ ನಮ್ಮ ಕಣ್ಣಿಗೆ ಬೀಳದೆ ನಡೆಯುವ ಕೆಲಸಗಳು. ಆದುದರಿಂದ ಯಂತ್ರಕ್ಕೆ ವಿದ್ಯುತ್ತಿನ ಸಂಪರ್ಕ ಕೊಟ್ಟು, ಕೆಲವು ಗಂಟೆಗಳ ಕಾಲ ಅದರ ಪಾಡಿಗೆ ಬಿಡುವುದು ಮೊದಲನೆಯ ಚಿಕಿತ್ಸೆ.

ಬಳಿಕ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಶಟ್ ಡೌನ್ ಮಾಡಿ ಮತ್ತೆ ತೆರೆದರೆ ಸಾಲದೆ? ಸಾಲದು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದ್ದಲ್ಲಿ, ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳಲಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುವುದು.

ಅಳತೆ

ಇಷ್ಟಾದರೂ ಮಾಂದ್ಯವು ಹೋಗಲಿಲ್ಲವೆನ್ನೋಣ. ಜ್ವರವಿದೆಯೆಂದು ಶಂಕೆ ಬಂದಾಗ ಉಷ್ಣಮಾಪಕವನ್ನು ಇಡುವಂತೆ ಇಲ್ಲಿಯೂ ಅಳತೆ ಅವಶ್ಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳಿವೆ. ಸಿಪಿಯು ಎಂದರೆ ಪ್ರೊಸೆಸರೇ. ರೀಸ್ಟಾರ್ಟ್ ಮಾಡಿದ ಹತ್ತು ನಿಮಿಷಗಳ ಮೇಲೆ, ಬೇರಾವ ಪ್ರೋಗ್ರಾಂ ಅನ್ನೂ ತೆರೆಯದೆ, ಈ ಮೂರರ ಶೇಕಡಾ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮರುದಿನ ಪುನಃ ಬರೆದುಕೊಳ್ಳಬೇಕು. ಅಂಕಿಗಳು ಇಳಿದಿದ್ದರೆ ಅದು ಮುಗಿಯದ ಕೆಲಸದ ಭಾರವಾಗಿತ್ತೆಂದು ತಿಳಿಯಬಹುದು. ಇಳಿಯದಿದ್ದರೆ ಯಾವ ಸಾಲು ತುಂಬಿದೆಯೆಂಬುದೇ ರೋಗದ ಸ್ಥಾನವನ್ನು ತೋರಿಸುತ್ತದೆ.

ಡಿಸ್ಕಿನ ಅಂಕಿಯು ಶೇಕಡಾ 100ರ ಸಮೀಪದಲ್ಲೇ ನಿಂತಿದ್ದರೆ, ಯಂತ್ರದಲ್ಲಿರುವುದು ಹಳೆಯ ಬಗೆಯ ಹಾರ್ಡ್ ಡಿಸ್ಕೇ ಎಂದು ವಿಚಾರಿಸಬೇಕು. ಒಂದು ಸಣ್ಣ ಲೆಕ್ಕದಿಂದ ಇದರ ಮಹತ್ವವು ತಿಳಿಯುವುದು. ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕುಗಳಲ್ಲಿ ಅನೇಕವು ನಿಮಿಷಕ್ಕೆ 5,400 ಸಲ ಸುತ್ತುತ್ತವೆ. ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಅಂಶವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ತಲೆಯು ಸರಿಯಾದ ಪಥಕ್ಕೆ ಚಲಿಸಲು ಇನ್ನೊಂದು ಹತ್ತು ಮಿಲಿಸೆಕೆಂಡು ಹಿಡಿಯುವುದೆಂದಿಟ್ಟುಕೊಂಡರೆ ಒಟ್ಟು ಸುಮಾರು 15 ಮಿಲಿಸೆಕೆಂಡು. ಚದರಿ ಬಿದ್ದ 10,000 ಅಂಶಗಳನ್ನು ಓದಲು ಎರಡೂವರೆ ನಿಮಿಷ ಬೇಕಾಯಿತು! ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ಅಂಶಕ್ಕೆ 0.1 ಮಿಲಿಸೆಕೆಂಡು ಎಂದು ಹಿಡಿದರೂ, ಅಷ್ಟೇ ಕೆಲಸವು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಇಲ್ಲಿ ಒಣಗಿದ ಕೊಂಬೆಯು ಮೊದಲಿನಿಂದಲೂ ಇತ್ತು. ಅಪ್‌ಡೇಟ್ ಅದನ್ನು ಬಯಲಿಗೆ ತಂದಿತು, ಅಷ್ಟೆ. ಡಿಸ್ಕನ್ನು ಮಾತ್ರ ಬದಲಾಯಿಸಿದರೆ ಹೊಸ ಯಂತ್ರದ ವೆಚ್ಚವು ಉಳಿಯಬಹುದು.

ಮೆಮೊರಿಯ ಅಂಕಿಯು ತುಂಬಿದ್ದರೆ ಓದುವ ಮೇಜು ಚಿಕ್ಕದೆಂದು ಅರ್ಥ. ವಿಂಡೋಸ್ 11ಕ್ಕೆ ವಿಧಿಸಿರುವ ಕನಿಷ್ಠ ಮೆಮೊರಿ 4 ಗಿಗಾಬೈಟ್. ಕನಿಷ್ಠವೆಂದರೆ ಸಾಕಾದಷ್ಟು ಎಂದಲ್ಲ. ಮೇಜು ತುಂಬಿದಾಗ ಒಂದು ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸಿ ಇನ್ನೊಂದನ್ನು ತರಬೇಕು. ಓದುಗನ ಕಾಲವೆಲ್ಲ ಓಡಾಟದಲ್ಲೇ ಕಳೆಯುತ್ತದೆ. ಯಂತ್ರವನ್ನು ತೆರೆದೊಡನೆ ತಾವಾಗಿಯೇ ಆರಂಭವಾಗುವ ಪ್ರೋಗ್ರಾಂಗಳ ಪಟ್ಟಿಯು ಟಾಸ್ಕ್ ಮ್ಯಾನೇಜರಿನಲ್ಲೇ ಸಿಗುತ್ತದೆ. ಬೇಡವಾದವನ್ನು ಅಲ್ಲಿ ತಡೆಯಬಹುದು. ಪ್ರೊಸೆಸರಿನ ಅಂಕಿಯು ತುಂಬಿದ್ದರೆ, ಅದನ್ನು ಬಳಸುತ್ತಿರುವ ಪ್ರೋಗ್ರಾಮಿನ ಹೆಸರು ಪಟ್ಟಿಯ ತಲೆಯಲ್ಲೇ ಕಾಣುವಂತೆ ಜೋಡಿಸಿಕೊಳ್ಳಬಹುದು.

ಒಂದು ನಿಯಮವನ್ನು ಮಾತ್ರ ಮರೆಯಬಾರದು. ಪ್ರಯೋಗಶಾಲೆಯಲ್ಲಿರುವಂತೆ ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ. ಅದಾದ ಮೇಲೆ ಮತ್ತೆ ಅಳತೆ. ಐದು ಔಷಧಗಳನ್ನು ಒಟ್ಟಿಗೆ ಕುಡಿದು ಗುಣಹೊಂದಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಕಾಗೆಯೇ ಭಾರವಾದಾಗ

ಹಾಗಾದರೆ ಅಪ್‌ಡೇಟ್ ಸದಾ ನಿರ್ದೋಷಿಯೆ? ಅಲ್ಲ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ರಚನೆಯಲ್ಲೇ ಇದ್ದ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೋಷಗಳು ಪ್ರಕಟವಾದುವು. ಅವನ್ನು ಮುಚ್ಚಲು ಬಂದ ಅಪ್‌ಡೇಟ್‌ಗಳಿಂದ ಹಳೆಯ ಪ್ರೊಸೆಸರ್‌ಗಳ ವೇಗವು ಗಮನಾರ್ಹವಾಗಿ ಕುಗ್ಗಬಹುದೆಂದು ಮೈಕ್ರೊಸಾಫ್ಟ್ ಸಂಸ್ಥೆಯೇ ಒಪ್ಪಿಕೊಂಡಿತು. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಿಡುಗಡೆಯಾದಾಗ ಎಎಂಡಿ ಸಂಸ್ಥೆಯ ಕೆಲವು ಪ್ರೊಸೆಸರ್‌ಗಳಲ್ಲಿ ಕೆಲವು ಪ್ರೋಗ್ರಾಂಗಳು ಶೇಕಡಾ 3ರಿಂದ 5ರಷ್ಟು ನಿಧಾನವಾದುವು. ಅದೇ ತಿಂಗಳಲ್ಲಿ ತಿದ್ದುಪಡಿಯೂ ಬಂದಿತು. ಇಂತಹ ದೋಷಗಳು ಅಳತೆಯಿಂದಲೇ ಸಿದ್ಧಪಟ್ಟವು, ಗುಮಾನಿಯಿಂದಲ್ಲ.

ಮೂರು ಸಾಲುಗಳಲ್ಲೂ ಕಾರಣವು ಸಿಗದೆ, ಮಾಂದ್ಯವೂ ಹೋಗದಿದ್ದರೆ, ಆಗ ಅಪ್‌ಡೇಟನ್ನು ಶಂಕಿಸುವುದು ನ್ಯಾಯ. ತೆರೆಯನ್ನು ನಡೆಸುವ ಡ್ರೈವರ್ ಮೊದಲಾದುವುಗಳ ಹೊಸ ಆವೃತ್ತಿಯಿದೆಯೇ ಎಂದು ಯಂತ್ರದ ತಯಾರಕರಲ್ಲಿ ನೋಡಬೇಕು. ಇತ್ತೀಚಿನ ಅಪ್‌ಡೇಟನ್ನು ತೆಗೆದುಹಾಕುವ ಅನುಕೂಲವು ಸೆಟ್ಟಿಂಗ್ಸ್‌ನಲ್ಲಿದೆ. ಹೊಸ ಆವೃತ್ತಿಗೆ ಬದಲಾದವರು ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು. ತೆಗೆದೊಡನೆ ವೇಗವು ಮರಳಿ, ಪುನಃ ಹಾಕಿದಾಗ ಮತ್ತೆ ಕುಗ್ಗಿದರೆ, ಕಾಗೆಯೇ ಕೊಂಬೆಯನ್ನು ಮುರಿಯಿತೆನ್ನಲು ನಮಗೆ ಸಾಕ್ಷ್ಯ ದೊರೆತಂತಾಯಿತು.

ಆದರೆ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವ ಯೋಚನೆಯು ಸಲ್ಲದು. 2017ರ ಮಾರ್ಚ್ 14ರಂದು ವಿಂಡೋಸಿನ ಒಂದು ದೋಷಕ್ಕೆ ತಿದ್ದುಪಡಿ ಬಂದಿತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಅಸಂಖ್ಯವಾಗಿ ಉಳಿದುವು. ಮೇ 12ರಂದು ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಅದೇ ದೋಷದ ಮೂಲಕ ನುಗ್ಗಿ, ಅನೇಕ ದೇಶಗಳಲ್ಲಿ ಕಡತಗಳಿಗೆ ಬೀಗಹಾಕಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಗೊತ್ತುಮಾಡಿದ್ದ ಚಿಕಿತ್ಸೆಗಳೂ ರದ್ದಾದುವು. ಎರಡು ತಿಂಗಳ ಅಲಕ್ಷ್ಯಕ್ಕೆ ತೆತ್ತ ಬೆಲೆ ಅದು.

ನಮ್ಮ ವಿದ್ಯಾರ್ಥಿಯ ಪ್ರಬಂಧವು ಈಗ ಪೆನ್ ಡ್ರೈವಿನಲ್ಲಿ ಕ್ಷೇಮವಾಗಿದೆ. ಬೇರೊಂದು ಯಂತ್ರದಲ್ಲಿ ಅದನ್ನು ಮುಗಿಸಿ ನಾಳೆ ಒಪ್ಪಿಸಬಹುದು. ಮಂದವಾದ ಯಂತ್ರವು ಮೇಜಿನ ಮೇಲಿರಲಿ. ಅದರ ಪಕ್ಕದಲ್ಲಿ ಒಂದು ನೋಟ್ ಪುಸ್ತಕವೂ ಪೆನ್ಸಿಲೂ ಇರಲಿ. ಮೂರು ಅಂಕಿಗಳನ್ನು ಎರಡು ದಿನ ಬರೆದಿಟ್ಟವನು, ಅಳೆಯದೆ ಸಲಹೆ ಕೊಟ್ಟ ಮೂವರಿಗಿಂತ ಆ ಯಂತ್ರವನ್ನು ಚೆನ್ನಾಗಿ ಬಲ್ಲವನಾಗುತ್ತಾನೆ.