ಒಳಗೆ ಹೋದ ಮೊಳೆ ಹೊರಗೆ ಬಾರದೇಕೆ?

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಯ ‘ಘರ್ಷಣೆ’ ಪಾಠ ನನ್ನ ಪಾಲಿಗೆ ಬಂದಿತ್ತು. ಘರ್ಷಣೆ ಇಲ್ಲದಿದ್ದರೆ ಗೋಡೆಯಲ್ಲಿ ಮೊಳೆಯೂ ನಿಲ್ಲದು ಎಂಬ ಅರ್ಥದ ಮಾತು ಪಠ್ಯಪುಸ್ತಕದಲ್ಲಿದೆ. ಅದನ್ನೇ ಪೀಠಿಕೆ ಮಾಡಿಕೊಂಡು ಎರಡು ಮೊಳೆಗಳನ್ನು ಬೋಧನೋಪಕರಣವಾಗಿ ಒಯ್ದಿದ್ದೆ. ಒಂದು ಸಾದಾ ಮೊಳೆ. ಇನ್ನೊಂದು, ಮೈತುಂಬ ಬಳೆ ತೊಟ್ಟಂತೆ ಸಾಲು ಸಾಲು ಏಣುಗಳಿರುವ ಮೊಳೆ. ‘ಎರಡನೆಯದರ ಮೈ ಒರಟು, ಒರಟಾದಷ್ಟೂ ಘರ್ಷಣೆ ಹೆಚ್ಚು, ಆದ್ದರಿಂದ ಹಿಡಿತ ಹೆಚ್ಚು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಪಾಠಯೋಜನೆಯಲ್ಲೂ ಹಾಗೇ ಇತ್ತು, ಅದಕ್ಕೆ ಸಹಿಯೂ ಬಿದ್ದಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಅವರಪ್ಪ ಬಡಗಿ ಎಂದು ಆಮೇಲೆ ತಿಳಿಯಿತು. “ಸರ್, ಹಂಗಾದ್ರ ಬಡಿಯೂ ಮುಂದನೂ ಅಷ್ಟ ಬಿಗಿ ಆಗಬೇಕಲ್ರಿ? ಒಳಗ ಹೋಗೂದು ಹೋಗ್ತದ. ಕೀಳಾಕ ಹೋದ್ರ ಮಾತ್ರ ಬರೂದಿಲ್ಲ.”

ನನ್ನಲ್ಲಿ ಉತ್ತರವಿರಲಿಲ್ಲ. “ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ” ಎಂದು ಮುಂದಿನ ಹಂತಕ್ಕೆ ಹೋದೆ. ಹಿಂದೆ ಕುಳಿತ ವೀಕ್ಷಕರು ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಹುಡುಗ ಹೇಳಿದ್ದು ಸರಿಯೇ. ಬರೀ ಒರಟುತನವೇ ಕಾರಣವಾಗಿದ್ದರೆ ಹೋಗುವಾಗಲೂ ಬರುವಾಗಲೂ ತಡೆ ಒಂದೇ ಇರಬೇಕು. ಮರಳುಕಾಗದವನ್ನು ಯಾವ ಕಡೆಗೆ ಉಜ್ಜಿದರೂ ತಡೆ ಹೆಚ್ಚುಕಡಿಮೆ ಅಷ್ಟೇ. ಮುಳ್ಳುಮೊಳೆಯ ಗುಟ್ಟು ಇರುವುದು ಅದರ ಆಕಾರದ ಓರೆಯಲ್ಲಿ. ಒಂದೊಂದು ಏಣೂ ತುದಿಯ ಕಡೆಯಿಂದ ಮೆಲ್ಲಗೆ ಏರಿ, ತಲೆಯ ಕಡೆಗೆ ಥಟ್ಟನೆ ಕಡಿದು ಬೀಳುತ್ತದೆ. ಹೊಡೆಯುವಾಗ ಮರದ ನಾರುಗಳು ಆ ಇಳಿಜಾರಿನ ಮೇಲೆ ಜಾರಿ ಬದಿಗೆ ಬಾಗುತ್ತವೆ. ಏಣು ದಾಟಿದ ಮೇಲೆ ಹಿಂದಕ್ಕೆ ಚಿಮ್ಮಿ ಅದರ ಬೆನ್ನ ಹಿಂದೆ ಕೂರುತ್ತವೆ. ಕೀಳಹೋದರೆ ಕಡಿದಾದ ಬೆನ್ನು ನಾರಿನ ತುದಿಗಳಿಗೆ ಎದುರಾಗಿ ನಿಲ್ಲುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದೆಂದು ಮರುದಿನ ಗೋಧಿಯ ತೆನೆಗಳನ್ನು ಹಂಚಿದೆ. ಊಬನ್ನು ಎರಡು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣುಪು. ತುದಿಯಿಂದ ಬುಡಕ್ಕೆ ಎಳೆದರೆ ಗರಗಸ. ತೆನೆಯನ್ನು ಅಂಗಿಯ ತೋಳಿನೊಳಗೆ ಬಿಟ್ಟು, ಅದು ತಾನಾಗಿ ಮೇಲೇರುವ ಆಟ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಐದು ನಿಮಿಷ ತರಗತಿ ನನ್ನ ಕೈಯಲ್ಲಿರಲಿಲ್ಲ.

ಆಮೇಲೆ ಚಟುವಟಿಕೆ. ಎರಡು ಒಂದೇ ಅಳತೆಯ ಸಾದಾ ಮೊಳೆ ತೆಗೆದುಕೊಂಡು, ಒಂದರ ಮೈಮೇಲೆ ಮೂರು ಮೂಲೆಯ ಅರದಿಂದ ಓರೆಯಾಗಿ ಉಜ್ಜಿ ಹಲ್ಲು ಮಾಡಿದ್ದೆ. ಮರದಿಂದ ಕೀಳುವ ಬಲ ಶಾಲೆಯ ಸ್ಪ್ರಿಂಗ್ ತ್ರಾಸಿನ ಅಳತೆಗೆ ಮೀರಿದ್ದು. ಹಾಗಾಗಿ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಎರಡನ್ನೂ ಒಂದೇ ಆಳಕ್ಕೆ ಚುಚ್ಚಿ, ತಲೆಗೆ ದಾರ ಕಟ್ಟಿ ತ್ರಾಸಿನಿಂದ ಎಳೆದೆವು. ಸಾದಾ ಮೊಳೆ ಸುಲಭವಾಗಿ ಬಂತು. ಹಲ್ಲಿನದಕ್ಕೆ ಮುಳ್ಳು ಬಹಳ ಮುಂದೆ ಓಡಿತು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದ್ದು ಆದದ್ದು, ಒಬ್ಬಳು ಅದೇ ಎರಡು ಮೊಳೆಗಳನ್ನು ಸೋಪಿನ ತುಂಡಿಗೆ ಚುಚ್ಚಿದಾಗ: ಎರಡರಲ್ಲೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಚಪ್ಪಲಿಯ ರಬ್ಬರು ಬಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಸೋಪು ಒತ್ತಿದಲ್ಲೇ ಉಳಿಯುತ್ತದೆ, ಹಲ್ಲಿನ ಬೆನ್ನ ಹಿಂದೆ ತುಂಬಿಕೊಳ್ಳುವುದಿಲ್ಲ. ಹಿಡಿತದ ಅರ್ಧ ಪಾಲು ಮೊಳೆಯದಾದರೆ ಇನ್ನರ್ಧ ಅದು ಹೊಕ್ಕ ವಸ್ತುವಿನದು. ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ, ಆ ಹುಡುಗಿಯ ಕೊಡುಗೆ.

ಮುಳ್ಳನ್ನು ಎಷ್ಟು ಓರೆ ಇಡಬೇಕು ಎಂಬ ಲೆಕ್ಕ ಎಂಟನೆಯ ತರಗತಿಗೆ ಬೇಡ, ಆದರೆ ಶಿಕ್ಷಕನಿಗೆ ಗೊತ್ತಿರಬೇಕು. ಘರ್ಷಣಾ ಗುಣಾಂಕ 0.3 ಎಂದಿಟ್ಟುಕೊಂಡರೆ ಘರ್ಷಣಾ ಕೋನ ಸುಮಾರು 17 ಡಿಗ್ರಿ. ಮುಂದಿನ ಇಳಿಜಾರು ಮೊಳೆಯ ಅಕ್ಷದೊಡನೆ 20 ಡಿಗ್ರಿ ಮಾಡುತ್ತದೆ ಎನ್ನೋಣ. ಆಗ ತಳ್ಳುವ ಬಲ, ವಸ್ತು ಪಕ್ಕದಿಂದ ಅದುಮುವ ಬಲದ ಎಷ್ಟು ಪಟ್ಟು ಎಂಬುದು ಈ ಎರಡು ಕೋನಗಳ ಮೊತ್ತವಾದ 37 ಡಿಗ್ರಿಯ ಟ್ಯಾನ್, ಸುಮಾರು 0.75. ಬೆನ್ನಿನ ಕೋನ 70 ಇದ್ದರೆ ಮೊತ್ತ 87, ಅದರ ಟ್ಯಾನ್ ಸುಮಾರು 19. ವಸ್ತು ಅದೇ, ಘರ್ಷಣಾ ಗುಣಾಂಕ ಅದೇ, ಆದರೂ ಕೀಳಲು ಸುಮಾರು 25 ಪಟ್ಟು ಬಲ ಬೇಕು. ಬೆನ್ನು 73 ಡಿಗ್ರಿ ದಾಟಿತೆಂದರೆ ಮೊತ್ತ 90 ಆಗಿ, ಮುಳ್ಳು ಜಾರುವ ಮಾತೇ ಇಲ್ಲ. ವಸ್ತು ಹರಿಯಬೇಕು, ಇಲ್ಲವೆ ಮುಳ್ಳು ಮುರಿಯಬೇಕು.

ಹಾಗೆಂದು ಮುಳ್ಳನ್ನು ಎತ್ತರ ಮಾಡುತ್ತ ಹೋಗುವಂತಿಲ್ಲ. ತೀರ ಎತ್ತರವಾದರೆ ಅದು ನಾರನ್ನು ಬಾಗಿಸುವ ಬದಲು ಕಡಿದುಹಾಕಿ ತನಗೆ ತಾನೇ ದಾರಿ ಮಾಡಿಕೊಡುತ್ತದೆ. ಹಲ್ಲನ್ನು ಆಳಕ್ಕೆ ಉಜ್ಜಿದರೆ ಮೊಳೆ ಅಲ್ಲೇ ಮುರಿಯುತ್ತದೆ. ನನ್ನ ಮೊದಲನೆಯ ಮಾದರಿ ಇಕ್ಕಳದಲ್ಲಿ ಹಿಡಿದಾಗಲೇ ಹೋಯಿತು.

ಮೂರನೆಯ ದಿನ ಬಡಗಿಯ ಮಗ ಮುರಿದ ಆಟಿಕೆ ಕಾರು ತಂದ. ಚಕ್ರದ ಸಲಾಕೆಯ ತುದಿಗೆ ಒಂದು ಪುಟ್ಟ ಲೋಹದ ಬಿಲ್ಲೆ, ನಡುವಿನ ತೂತಿನ ಸುತ್ತ ಒಳಮುಖವಾಗಿ ಹಲ್ಲುಗಳು. ಇಲ್ಲಿ ಸಲಾಕೆ ನುಣುಪು, ಮುಳ್ಳಿರುವುದು ಬಿಲ್ಲೆಯಲ್ಲಿ. ತೂತು ಸಲಾಕೆಗಿಂತ ಕೂದಲೆಳೆಯಷ್ಟು ಕಿರಿದು. ತಳ್ಳುವಾಗ ಸ್ಪ್ರಿಂಗ್ ಉಕ್ಕಿನ ಹಲ್ಲುಗಳು ಹಿಂದಕ್ಕೆ ಬಾಗಿ ದಾರಿ ಬಿಡುತ್ತವೆ. ಎಳೆದರೆ ನೆಟ್ಟಗಾಗಲು ಹೋಗಿ ತೂತು ಇನ್ನೂ ಕಿರಿದಾಗುತ್ತದೆ, ಸಲಾಕೆಯನ್ನು ಕಚ್ಚುತ್ತದೆ. ಅವನು ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದಿದ್ದ. ಹಲ್ಲುಗಳೆಲ್ಲ ಸೊಟ್ಟಗಾಗಿದ್ದವು, ಮತ್ತೆ ಹಾಕಿದರೆ ನಿಲ್ಲುತ್ತಿರಲಿಲ್ಲ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಕೊಟ್ಟೆ: ‘ಹಲಗೆಗೆ ಮೊಳೆ ಹೊಡೆದು ಚಾರ್ಟ್ ತೂಗುಹಾಕಿ, ಸಂಜೆ ಮೊಳೆಯನ್ನೂ ತೆಗೆಯಬೇಕು. ಯಾವ ಮೊಳೆ ಆರಿಸುತ್ತೀರಿ?’ ಬಹುತೇಕ ಎಲ್ಲರೂ ಮುಳ್ಳುಮೊಳೆ ಎಂದೇ ಬರೆದಿದ್ದರು, ‘ಅದು ಗಟ್ಟಿ’ ಎಂಬ ಕಾರಣ ಕೊಟ್ಟು. ಬಡಗಿಯ ಮಗ ಮಾತ್ರ ಸಾದಾ ಮೊಳೆ ಎಂದಿದ್ದ, ಕಾರಣ ಬರೆದಿರಲಿಲ್ಲ. ಮುಂದಿನ ಬಾರಿ ಈ ಪಾಠವನ್ನು ಆ ಸೊಟ್ಟ ಬಿಲ್ಲೆಯಿಂದಲೇ ಆರಂಭಿಸುವಂತೆ ಯೋಜನೆಯನ್ನು ತಿದ್ದಿ ಬರೆದಿದ್ದೇನೆ.