ಗಂಜಿ ಗಟ್ಟಿಯಾದರೆ ನೀರು ಎಲ್ಲಿ ಹೋಯಿತು?

ಒಂಬತ್ತನೇ ತರಗತಿಯ ಕಲಿಲಗಳ ಪಾಠದಲ್ಲಿ ಜೆಲ್‌ಗೆ ಸಿಗುವುದು ಕೋಷ್ಟಕದ ಒಂದು ಸಾಲು: ಘನದಲ್ಲಿ ಹರಡಿದ ದ್ರವ. ತುರುವೇಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಆ ಸಾಲಿಗೇ ಒಂದು ಅವಧಿ ಇಟ್ಟುಕೊಂಡೆ. ಆರಿದ ರಾಗಿ ಗಂಜಿ ಏಕೆ ಗಟ್ಟಿಯಾಗುತ್ತದೆ ಎಂದು ಕೇಳಿದ್ದಕ್ಕೆ ಹೆಚ್ಚಿನವರು ಹೇಳಿದ್ದು, "ನೀರು ಇಂಗೋಯ್ತದೆ ಸಾರ್." ಈ ಉತ್ತರವನ್ನು ಹಾಗೇ ಬಿಟ್ಟು ಮುಂದೆ ಹೋದರೆ ಕೋಷ್ಟಕ ಬಾಯಿಪಾಠವಾಗುತ್ತದೆ, ಅಷ್ಟೆ.

ರಾಗಿಯಲ್ಲಿ ಬಣ್ಣ ಸರಿಯಾಗಿ ಕಾಣದು. ಅದಕ್ಕೆ 100 ಮಿ.ಲೀ. ನೀರಿಗೆ 10 ಗ್ರಾಂ ಕಾರ್ನ್‌ಫ್ಲೋರ್ ಕದಡಿ ಕಾಯಿಸಿದೆವು. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ, ಮುಚ್ಚಿ, ತೂಗಿದರು. ಗಟ್ಟಿಯಾದ ಮೇಲೆ ಮತ್ತೆ ತೂಗಿದರು. ತೂಕ ಅಷ್ಟೇ ಇತ್ತು. ನೀರೆಲ್ಲ ಒಳಗೇ ಇದೆ!

ಸುಮಾರು 65–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಅಮೈಲೋಸ್ ಎಂಬ ಉದ್ದನೆಯ ಪಾಲಿಮರ್ ಅಣುಗಳು ಅವುಗಳಿಂದ ಹೊರಬಂದು ನೀರಿನಲ್ಲಿ ಅಲೆಯುತ್ತವೆ. ಇದನ್ನು ಹೇಳಲು ನಮ್ಮ ಸೀಮೆಯಲ್ಲಿ ತೆಂಗಿನ ನಾರಿಗಿಂತ ಒಳ್ಳೆಯ ಉಪಕರಣವಿಲ್ಲ. ಚೂರು ಮಾಡಿದ ನಾರನ್ನು ನೀರಿನಲ್ಲಿ ಸಲೀಸಾಗಿ ಕಲಕಬಹುದು, ಉದ್ದನೆಯದು ಸಿಕ್ಕುಗಟ್ಟುತ್ತದೆ. ಸಿಕ್ಕಿನೊಳಗಿನ ಒಂದು ಎಳೆ ಅಡ್ಡಕ್ಕೆ ಸರಿಯದು, ತನ್ನ ಉದ್ದಕ್ಕೇ ಜಾರಬೇಕು. ಒತ್ತಾಗಿ ಹೆಣೆದುಕೊಂಡ ಪಾಲಿಮರ್ ಅಣುಗಳೂ ಹೀಗೆಯೇ ಹಾವಿನಂತೆ ತೆವಳುತ್ತವೆ ಎಂದು 1971ರಲ್ಲಿ ತೋರಿಸಿದವರು ಫ್ರಾನ್ಸಿನ ಪಿಯರ್-ಗಿಲ್ಸ್ ಡಿ ಜೆನ್. 1991ರ ಭೌತಶಾಸ್ತ್ರದ ನೊಬೆಲ್ ಅವರದೇ. ಆರಿದಂತೆ ಅಮೈಲೋಸ್ ಎಳೆಗಳ ನಡುವೆ ಹೈಡ್ರೋಜನ್ ಬಂಧಗಳು ಗಂಟು ಹಾಕುತ್ತವೆ, ಆ ತೆವಳಾಟವೂ ನಿಲ್ಲುತ್ತದೆ. ಡಬ್ಬಿಯ ತುಂಬ ಒಂದೇ ಬಲೆ.

ಉಪಮೆಗೆ ಮಿತಿಯಿದೆ: ನಾರನ್ನು ನಾವು ಎಳೆಯಬೇಕು, ಅಣುಗಳನ್ನು ಸುತ್ತಲಿನ ನೀರಿನ ಅಣುಗಳೇ ಸದಾ ತಳ್ಳುತ್ತಿರುತ್ತವೆ. ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ನೀರು ನಿಂತಿದೆಯೇ? ಜೆಲ್ ಮೇಲೆ ಒಂದು ಹನಿ ಕೆಂಪು ಆಹಾರ ಬಣ್ಣ ಬಿಟ್ಟೆವು. ಮಾರನೆಯ ದಿನಕ್ಕೆ ಅದು ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿದಿತ್ತು. ಪಕ್ಕದ ಲೋಟದ ನೀರಿನಲ್ಲಿ ನಿಮಿಷಗಳಲ್ಲೇ ಹರಡಿತ್ತು. ಇಲ್ಲಿ ಪ್ರಶಿಕ್ಷಣಾರ್ಥಿಗಳು ಎಚ್ಚರವಹಿಸಬೇಕು. ಲೋಟದಲ್ಲಿ ಬಣ್ಣವನ್ನು ಬೇಗ ಒಯ್ಯುವುದು ಮುಖ್ಯವಾಗಿ ನೀರಿನ ಪ್ರವಾಹ, ಬರೀ ವಿಸರಣೆಯಲ್ಲ. ಬಲೆ ತಡೆಯುವುದು ಆ ಪ್ರವಾಹವನ್ನು. ಬಲೆಯ ಕಣ್ಣುಗಳಲ್ಲಿ ಸಣ್ಣ ಅಣುಗಳ ಓಡಾಟ ಹೆಚ್ಚೇನೂ ಕುಗ್ಗುವುದಿಲ್ಲ. ಜೆಲ್‌ನಲ್ಲಿ ಅಣುಗಳೆಲ್ಲ ನಿಧಾನ ಎಂಬ ತೀರ್ಮಾನಕ್ಕೆ ಮಕ್ಕಳು ಸುಲಭವಾಗಿ ಜಾರುತ್ತಾರೆ.

ಬಣ್ಣ ಹಾಕದ ಡಬ್ಬಿಯಲ್ಲಿ ಅಷ್ಟರಲ್ಲಿ ಅಂಚಿಗೆ ನೀರು ಬಿಟ್ಟಿತ್ತು. ಎಳೆಗಳು ಇನ್ನೂ ಹತ್ತಿರವಾಗಿ ನೀರನ್ನು ಹೊರದೂಡಿದ್ದವು. ಮೌಲ್ಯಮಾಪನಕ್ಕೆ ಅದನ್ನೇ ಮುಂದಿಟ್ಟು ಕಾರಣ ಬರೆಯಲು ಹೇಳಿದೆ. "ಇಂಗೋಯ್ತದೆ" ಎಂದಿದ್ದ ಹುಡುಗನೊಬ್ಬ ಬರೆದ: "ಬಲೆ ಬಿಗಿಯಾಯಿತು, ನೀರು ಈಚೆ ಬಂತು."