ಗೋಕಾಕ ಕಡೆ ಬರುವವರು ಕಳ್ಳರಿಗಿಂತ ಹೊಳೆಗೆ ಅಂಜಬೇಕು

ಮೈಸೂರಿನ ಗೆಳತಿಯೊಬ್ಬಳು ಗಂಡ, ಮಕ್ಕಳ ಜೊತೆ ವಿದೇಶದ ಹಡಗುಯಾನ ಮುಗಿಸಿ ಬಂದಿದ್ದಾಳೆ. ಬಂದರು ಬಂದಾಗಲೆಲ್ಲ ಹಡಗಿನವರು ಎಚ್ಚರಿಕೆ ಹೇಳಿಯೇ ಇಳಿಸುತ್ತಿದ್ದರಂತೆ. ಕಿಸೆಗಳ್ಳರಿದ್ದಾರೆ, ಒಡವೆ ತೆಗೆದಿಡಿ, ಕಂಡಕಂಡ ಟ್ಯಾಕ್ಸಿ ಹತ್ತಬೇಡಿ. ಈಗ ಅವಳಿಗೆ ಗೋಕಾಕ ಫಾಲ್ಸ್ ನೋಡಬೇಕಾಗಿದೆ. ಅದೇ ಪಟ್ಟಿ ಹಿಡಿದು ಕೇಳುತ್ತಾಳೆ: ಸರ ಹಾಕಿಕೊಂಡು ಓಡಾಡಬಹುದಾ? ಆಟೊದವರು ಸುಲಿಯುತ್ತಾರಾ? ಸಂಜೆ ಮೇಲೆ ಹೆಂಗಸರು ಹೊರಗಿರಬಹುದಾ?

ಮೊದಲು ಇದಕ್ಕೆ ಉತ್ತರ ಹೇಳಿಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಪ್ರವಾಸಿಯನ್ನೇ ಗುರಿಯಿಟ್ಟು ದೋಚುವವರ ಹಾವಳಿ ನನಗಂತೂ ಕಂಡಿಲ್ಲ. ದಾರಿ ತಪ್ಪಿದವರನ್ನು ಊಟಕ್ಕೆ ಕೂರಿಸುವ ಜನವೇ ಹೆಚ್ಚು. ಇಲ್ಲಿ ಜೀವಕ್ಕೆ ಕುತ್ತು ಬರುವುದು ನೀರಿನಿಂದ, ಬಂಡೆಯಿಂದ, ರಾತ್ರಿಯ ರಸ್ತೆಯಿಂದ. ಆದ್ದರಿಂದ ಕಳ್ಳರ ಬಗ್ಗೆ ಸ್ವಲ್ಪ, ಹೊಳೆಯ ಬಗ್ಗೆ ಹೆಚ್ಚು ಬರೆಯುತ್ತಿದ್ದೇನೆ.

ಮುಗಿಲು ತಿಳಿಯಾಗಿದ್ದರೂ ಹೊಳೆ ಏರುತ್ತದೆ

ಹೊರಗಿನವರು ಎಡವುವುದು ಇಲ್ಲೇ. ಗೋಕಾಕ ಮಳೆ ಕಡಿಮೆ ಬೀಳುವ ಬಯಲುಸೀಮೆ. ತಲೆ ಮೇಲೆ ಬಿಸಿಲಿದೆ, ಇನ್ನೇನು ಭಯ ಅಂದುಕೊಂಡು ಜನ ಬಂಡೆಗೆ ಇಳಿಯುತ್ತಾರೆ. ಆದರೆ ಘಟಪ್ರಭೆಗೆ ನೀರು ಬರುವುದು ಪಶ್ಚಿಮಘಟ್ಟದಿಂದ. ಅಲ್ಲಿ ರಾತ್ರಿಯಿಡೀ ಸುರಿದ ಮಳೆ ಹಿಡಕಲ್ ಜಲಾಶಯಕ್ಕೆ ಸೇರುತ್ತದೆ. ಹುಕ್ಕೇರಿ ತಾಲೂಕಿನ ಈ ಅಣೆಕಟ್ಟಿನ ಅಧಿಕೃತ ಹೆಸರು ರಾಜಾ ಲಖಮಗೌಡ ಜಲಾಶಯ. ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬಿದ ಮೇಲೆ ಗೇಟು ಎತ್ತಲೇಬೇಕು. ಬಿಟ್ಟ ನೀರು ಧೂಪದಾಳದ ಒಡ್ಡು ದಾಟಿ ಫಾಲ್ಸ್‌ಗೆ ಬರುತ್ತದೆ.

ಗೇಟು ಎತ್ತಿಲ್ಲವಲ್ಲ ಎಂದು ನಿಶ್ಚಿಂತೆಯಿಂದಲೂ ಇರುವಂತಿಲ್ಲ. ಅಂಬೋಲಿ ಕಡೆಯಿಂದ ಇಳಿದು ಸಂಕೇಶ್ವರದ ಮೇಲೆ ಹಾಯುವ ಹಿರಣ್ಯಕೇಶಿ ಹೊಳೆ ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಹಿಡಕಲ್‌ನ ಗೇಟಿಗೂ ಈ ನೀರಿಗೂ ಸಂಬಂಧವಿಲ್ಲ. ಇತ್ತ ಗೊಡಚಿನಮಲ್ಕಿ ಜಲಪಾತ ಇರುವುದು ಮಾರ್ಕಂಡೇಯ ನದಿಯಲ್ಲಿ. ಅದರ ಮೇಲ್ಗಡೆ ಶಿರೂರಿನಲ್ಲಿ ಇನ್ನೊಂದು ಜಲಾಶಯವಿದೆ. ಹೊರಡುವ ಮುನ್ನ ಗೋಕಾಕದ ಹವಾಮಾನ ನೋಡಿ ಉಪಯೋಗವಿಲ್ಲ. ಹಿಡಕಲ್ ಎಷ್ಟು ತುಂಬಿದೆ, ಶಿರೂರಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಅಂಬೋಲಿಯಲ್ಲಿ ಮಳೆ ಹೇಗಿದೆ ಎಂಬುದನ್ನು ನೋಡಿ. ಮಳೆಗಾಲದಲ್ಲಿ ಬೆಳಗಾವಿ ಆವೃತ್ತಿಯ ಪತ್ರಿಕೆಗಳು ಇದನ್ನು ದಿನಾ ಅಚ್ಚು ಹಾಕುತ್ತವೆ.

ಗೊಡಚಿನಮಲ್ಕಿಯಲ್ಲಿ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮ ಮಕ್ಕಳನ್ನು ಕಂಡು ಹೇಳಿದ್ದು: “ಮುಗಿಲು ನೋಡಬ್ಯಾಡ್ರಿ ಯವ್ವಾ, ನೀರಿನ ಬಣ್ಣ ನೋಡ್ರಿ. ಕೆಂಪಗಾತಂದ್ರ ಎದ್ದ ಬರ್ರಿ.” ಇದಕ್ಕಿಂತ ಒಳ್ಳೆಯ ಸೂಚನಾಫಲಕವನ್ನು ಯಾವ ಇಲಾಖೆಯೂ ಬರೆಸಿಲ್ಲ. ತಿಳಿನೀರು ರಾಡಿಯಾದರೆ, ಎಲೆ ಕಡ್ಡಿ ತೇಲಿಬರಲು ಶುರುವಾದರೆ, ಸದ್ದು ದಪ್ಪಗಾದರೆ ಚಪ್ಪಲಿ ಹುಡುಕುತ್ತ ಕೂರಬೇಡಿ. ದಂಡೆಗೆ ಬನ್ನಿ.

ಗೋಕಾಕ ಫಾಲ್ಸ್

ಗೋಕಾಕ ಊರಿನಿಂದ ಆರೇಳು ಕಿಲೋಮೀಟರ್. ಘಟಪ್ರಭೆ ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. 1887ರಷ್ಟು ಹಿಂದೆಯೇ ಈ ನೀರಿನಿಂದ ವಿದ್ಯುತ್ ತೆಗೆದಿದ್ದರು. ಪಕ್ಕದ ಗಿರಣಿ, ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ತೂಗುಸೇತುವೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಬೇಸಿಗೆಯಲ್ಲಿ ಬರಿಯ ಬಂಡೆ ಕಾಣುತ್ತದೆ; ನೀರೆಲ್ಲ ಕಾಲುವೆಗೆ ಹೋಗಿರುತ್ತದೆ. ಏಪ್ರಿಲ್‌ನಲ್ಲಿ ಬಂದು ನಿರಾಶರಾದೆವು ಎನ್ನುವವರ ಬಗ್ಗೆ ನನಗೆ ಕನಿಕರವಿಲ್ಲ.

ಧುಮುಕುವ ಜಾಗದ ಬಂಡೆ ಹಾಸುಗಲ್ಲಿನಂತೆ ಸಪಾಟಾಗಿ ಕಾಣುತ್ತದೆ. ಅಂಚಿನವರೆಗೂ ನಡೆದು ಹೋಗಬಹುದು ಅನ್ನಿಸುತ್ತದೆ. ಅಪಾಯ ಇರುವುದು ಈ ಅನ್ನಿಸಿಕೆಯಲ್ಲೇ. ಒದ್ದೆ ಬಂಡೆಯ ಮೇಲೆ ಕಣ್ಣಿಗೆ ಕಾಣದ ಪಾಚಿ ಕಟ್ಟಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಸೆಲ್ಫಿ ತೆಗೆಯಲು ಹೋದ ಯುವಕನೊಬ್ಬ ಇಲ್ಲಿ ಸುಮಾರು 140 ಅಡಿ ಕೆಳಗೆ ಬಿದ್ದ. ಸತ್ತನೆಂದೇ ಎಲ್ಲರೂ ಕೈಚೆಲ್ಲಿದ್ದರು. ನಸುಕಿನಲ್ಲಿ ಅವನೇ ಫೋನ್ ಮಾಡಿದ, ಬದುಕಿಬಂದ. ಈ ಕಥೆಯನ್ನು ಹುಡುಗರು ಪವಾಡದಂತೆ ಹೇಳುತ್ತಾರೆ. ಮಕ್ಕಳಿಗೆ ಹಾಗೆ ಹೇಳಬೇಡಿ. ಅಲ್ಲಿಂದ ಬಿದ್ದು ಫೋನ್ ಮಾಡುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ತೂಗುಸೇತುವೆ ತೆರೆದಿದ್ದರೆ ನಡೆಯಿರಿ. ಬಾಗಿಲು ಹಾಕಿದ್ದರೆ ಸುಮ್ಮನೆ ಹಿಂದಿರುಗಿ. ಬೇಲಿ ಹಾರಿಸಿ ಕರೆದೊಯ್ಯುತ್ತೇನೆ ಎನ್ನುವವರು ಸಿಗುತ್ತಾರೆ. ನಮಗೂ ಒಬ್ಬ ಸಿಕ್ಕಿದ್ದ. “ಯಾರೂ ನೋಡದ ಜಾಗ ತೋರಸ್ತೀನ್ರಿ ಅಕ್ಕಾರ, ನೂರು ರೂಪಾಯಿ ಕೊಡ್ರಿ” ಎಂದು ಶುರುಮಾಡಿ, ಅರ್ಧ ದಾರಿಯಲ್ಲಿ ತಲೆಗೆ ನೂರು ಎಂದ. ದುಡ್ಡಿನ ಜಗಳ ಬಿಡಿ. ಅವನು ತೋರಿಸಹೊರಟ ಜಾಗ ನೆಟ್ಟಗೆ ಅಂಚಿನ ಬಂಡೆಯಾಗಿತ್ತು. ಸರ ಕಿತ್ತುಕೊಳ್ಳುವವನಿಗಿಂತ ಇಂಥ ಮಾರ್ಗದರ್ಶಿ ಅಪಾಯಕಾರಿ. ಗುಡಿಯ ಬದಿಯಿಂದಲೇ ನೋಟ ಚೆನ್ನಾಗಿ ಸಿಗುತ್ತದೆ, ಅದಕ್ಕೆ ಯಾರ ಸಹಾಯವೂ ಬೇಡ.

ಇಲ್ಲಿ ಕೈಯಿಂದ ಏನಾದರೂ ಕಸಿದುಕೊಳ್ಳುವವರು ಇದ್ದರೆ ಅದು ಮಂಗಗಳು. ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ. ತಿಂಡಿಯನ್ನು ಬ್ಯಾಗಿನೊಳಗೇ ಇಡಿ.

ಗೊಡಚಿನಮಲ್ಕಿ

ನನಗೆ ಫಾಲ್ಸ್‌ಗಿಂತ ಇದೇ ಇಷ್ಟ. ಮಾರ್ಕಂಡೇಯ ಎರಡು ಹಂತಗಳಲ್ಲಿ ಇಳಿಯುತ್ತದೆ, ಸುತ್ತ ಕಾಡು. ಆದರೆ ಭಾನುವಾರ ಹೋಗಬೇಡಿ. ಗುಂಪು ಗುಂಪಾಗಿ ಕುಡಿಯಲು ಬರುವವರು, ಒಡೆದ ಬಾಟಲಿಗಳು, ಜೋರು ಹಾಡು. ಹೆಂಗಸರಷ್ಟೇ ಹೋಗುವುದಾದರೆ ವಾರದ ದಿನ ಬೆಳಿಗ್ಗೆ ಹೋಗಿ, ಮಧ್ಯಾಹ್ನದೊಳಗೆ ಹೊರಡಿ. ನಮ್ಮ ಫೋನುಗಳಿಗೆ ಅಲ್ಲಿ ಸಿಗ್ನಲ್ ಸರಿಯಾಗಿ ಸಿಗಲಿಲ್ಲ, ಹಾಗಾಗಿ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಯಾರಿಗಾದರೂ ಹೇಳಿಟ್ಟು ಹೊರಡಿ. ಗಾಜಿನ ಚೂರು ಚುಚ್ಚದಂತೆ ಕಾಲಿಗೆ ಹಿಡಿತವಿರುವ ಬೂಟು ಹಾಕಿ. ಈಜು ಬರುತ್ತದೆಂದು ಗುಂಡಿಗೆ ಹಾರುವುದು ಮೂರ್ಖತನ. ಬಂಡೆಯ ಅಡಿಯಲ್ಲಿ ಸೆಳವು ಇರುತ್ತದೆ.

ಹುಕ್ಕೇರಿ ಮತ್ತು ಹಿಡಕಲ್

ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ಹಗಲಲ್ಲೇ ನೋಡಿ ಮುಗಿಸಿ. ಮಳೆಗಾಲ ಕಳೆದ ಮೇಲೆ ಹುಲ್ಲು ಬೆಳೆದಿದ್ದರೆ ಹಾವಿನ ಭಯ ಇದ್ದದ್ದೇ. ಹಿಡಕಲ್ ಅಣೆಕಟ್ಟಿನ ಮೇಲೆ ಮನಬಂದಂತೆ ಓಡಾಡಲು, ಡ್ರೋನ್ ಹಾರಿಸಲು ಬಿಡುವುದಿಲ್ಲ. ಕಾವಲಿನವರ ಜೊತೆ ವಾದ ಬೇಡ.

ಜಲಾಶಯ ಬತ್ತಿದ ವರ್ಷಗಳಲ್ಲಿ, ಹೆಚ್ಚಾಗಿ ಜೂನ್ ಹೊತ್ತಿಗೆ, ಹುನ್ನೂರಿನ ಮುಳುಗಡೆಯಾದ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತದೆ. ತಪ್ಪದೆ ನೋಡಬೇಕಾದ್ದು. ಆದರೆ ಹಿನ್ನೀರು ಸರಿದ ನೆಲ ಮೇಲೆ ಒಣಗಿ ಬಿರುಕುಬಿಟ್ಟಿದ್ದರೂ ಕೆಳಗೆ ಕೆಸರಿರುತ್ತದೆ. ಊರವರ ಹೆಜ್ಜೆ ಬಿದ್ದ ದಾರಿ ಬಿಟ್ಟು ಪಕ್ಕಕ್ಕೆ ಕಾಲಿಡಬೇಡಿ. ಘಟ್ಟದಲ್ಲಿ ಮುಂಗಾರು ಹಿಡಿಯಿತೆಂದರೆ ಗುಡಿ ಮತ್ತೆ ನೀರೊಳಗೆ.

ಮೂಡಲಗಿ

ಇಲ್ಲಿ ಶಿವಬೋಧರಂಗ ಮಠ, ತಾಲೂಕಿನ ಕಲ್ಲೋಳಿಯಲ್ಲಿ ಹನುಮಪ್ಪನ ಗುಡಿ. ಅರ್ಧ ದಿನ ಸಾಕು. ಶನಿವಾರ ಕಲ್ಲೋಳಿಯಲ್ಲಿ ನೂಕುನುಗ್ಗಲು, ಕಿಸೆಯ ಮೇಲೆ ಕೈ ಇರಲಿ. ನಿಜವಾಗಿ ತಿಳಿದಿರಬೇಕಾದ್ದು ಸೇತುವೆಗಳ ವಿಷಯ. ಹೊಳೆ ಏರಿದಾಗ ಗೋಕಾಕದ ಹೊರಗಿನ ಲೋಳಸೂರ ಸೇತುವೆ, ಶಿಂಗಳಾಪುರ ಸೇತುವೆ, ಮೂಡಲಗಿ ಕಡೆಯ ಸುಣಧೋಳಿ ಸೇತುವೆ ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಂತೂ ಗೋಕಾಕ ಊರಿನೊಳಗೇ ನೀರು ನುಗ್ಗಿತ್ತು. ಸೇತುವೆ ಮೇಲೆ ಮೊಣಕಾಲುದ್ದ ನೀರಿದ್ದು, ಮುಂದಿನ ಬೈಕಿನವನು ದಾಟಿದರೂ ನೀವು ದಾಟಬೇಡಿ. ಅವನಿಗೆ ರಸ್ತೆ ಕಿತ್ತ ಜಾಗ ಗೊತ್ತು.

ಓಡಾಟ, ದುಡ್ಡು, ಒಡವೆ

ಬೆಂಗಳೂರಿನಿಂದ ರಾಣಿ ಚೆನ್ನಮ್ಮ ರೈಲಿನಲ್ಲಿ ಘಟಪ್ರಭಾ ನಿಲ್ದಾಣಕ್ಕೆ ಬರಬಹುದು. ಹೊರಗೆ ಟಂಟಂ, ಆಟೊ ಇರುತ್ತವೆ. ಮೀಟರಿನ ಮಾತೇ ಇಲ್ಲ. ನಾವು ಹೋದಾಗ ಫಾಲ್ಸ್‌ಗೆ ಇನ್ನೂರರ ಆಸುಪಾಸು ಕೇಳಿದ್ದರು. ಕೋವಿಡ್‌ಗೂ ಮುಂಚಿನ ಮಾತು, ಈಗ ಹೆಚ್ಚೇ ಇರಬೇಕು. ಹತ್ತುವ ಮೊದಲೇ ಹೋಗಿಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಮಾತಾಡಿ. ಮಂದಿ ತುಂಬುವವರೆಗೆ ಹೊರಡದ ಕ್ರೂಸರ್ ಗಾಡಿಗಳನ್ನು ನಾನು ಹತ್ತುವುದಿಲ್ಲ. ಬಾಗಿಲಿಗೆ ಜೋತುಬಿದ್ದವರ ಸಮೇತ ಓಡಿಸುತ್ತಾರೆ.

ಸರಗಳವು ಆಗುವುದಿದ್ದರೆ ಕಿಕ್ಕಿರಿದ ಬಸ್ಸು ಹತ್ತುವ ಗಳಿಗೆಯಲ್ಲಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳಲ್ಲಿ ಹೆಂಗಸರ ಗದ್ದಲ ಹೆಚ್ಚಿದೆ. ಬಾಗಿಲಲ್ಲಿ ನೂಕಾಟ ನಡೆದಾಗ ಸೆರಗಿನಿಂದ ಕೊರಳು ಮುಚ್ಚಿಕೊಳ್ಳಿ, ಇಲ್ಲವೇ ಮುಂದಿನ ಬಸ್ಸಿಗೆ ಕಾಯಿರಿ.

ಇನ್ನು ರಾತ್ರಿ ರಸ್ತೆ. ನವೆಂಬರ್‌ನಿಂದ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ, ಹಾಡು ಹಚ್ಚಿಕೊಂಡು ಸಾಗುತ್ತವೆ. ಹಾರ್ನ್ ಅವರಿಗೆ ಕೇಳಿಸುವುದಿಲ್ಲ. ಕೆಟ್ಟು ನಿಂತರೆ ಹಿಂದೆ ಒಂದು ಕಲ್ಲಿಟ್ಟು ಹೋಗಿರುತ್ತಾರೆ, ಅಷ್ಟೇ. ಕಾರಿನಲ್ಲಿ ಬರುವವರು ಕತ್ತಲಾಗುವ ಮುನ್ನ ವಸತಿ ಸೇರಿಬಿಡಿ.

ಏನೇ ಆದರೂ 112ಕ್ಕೆ ಕರೆ ಮಾಡಿ. ರೈಲಿನಲ್ಲಿದ್ದರೆ 139. ಫೋನಿನಲ್ಲಿ ಹಣ ಕಟ್ಟಿ ಮೋಸಹೋದರೆ 1930. ತಡಮಾಡಿದಷ್ಟೂ ಹಣ ಹಿಂದೆ ಬರುವ ಆಸೆ ಕಡಿಮೆ.

ಗೆಳತಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಅಕ್ಟೋಬರ್‌ನಲ್ಲಿ, ವಾರದ ದಿನ ಬನ್ನಿ. ನೀರಿರುತ್ತದೆ, ಮಳೆಗಾಲದ ಅಬ್ಬರ ಇಳಿದಿರುತ್ತದೆ, ಕಬ್ಬಿನ ಗಾಡಿಗಳು ಇನ್ನೂ ರಸ್ತೆಗೆ ಬಂದಿರುವುದಿಲ್ಲ. ಬೆಳಿಗ್ಗೆ ಗೊಡಚಿನಮಲ್ಕಿ, ಮಧ್ಯಾಹ್ನದ ಮೇಲೆ ಫಾಲ್ಸ್, ಬೆಳಕಿರುವಾಗಲೇ ಗೋಕಾಕದ ಪೇಟೆಯಲ್ಲಿ ಕರದಂಟು. ಆಗಸ್ಟ್‌ನಲ್ಲೇ ಬರಬೇಕೆಂಬ ಹಟವಿದ್ದರೆ ಬನ್ನಿ, ಆದರೆ ದೂರದಿಂದ ನೋಡಿ. ಅಂಚಿಗೆ ಹೋದರೆ ನೋಟ ಹೆಚ್ಚೇನೂ ಸಿಗುವುದಿಲ್ಲ. ಸರವಂತೂ ಕೊರಳಲ್ಲೇ ಇರಲಿ, ಮಕ್ಕಳ ಕೈ ಮಾತ್ರ ಬಿಡಬೇಡಿ.